ನಮ್ಮೂರಿನ ಮರೆತು ಹೋದ ಕಥೆ ಹುಡುಕೋದು ಹೇಗೆ: ಭಟ್ಕಳದಿಂದ ಕಾರವಾರದ ತನಕದವರಿಗೆ

ಉತ್ತರ ಕನ್ನಡದವರಿಗೆ ಕಥೆಗೇನೂ ಬರ ಇಲ್ಲ ಮಾರಾಯ್ರೆ. ಯಾವ ಬಂದರಿಗೆ ಹೋದರೂ ಒಂದು ಕೋಟೆ, ಘಟ್ಟ ಹತ್ತಿದರೆ ಒಂದು ಬಸದಿ ಇಲ್ಲಾ ಮಠ, ತೋಟದ ಬದಿಗೆ ಅರ್ಧ ಹುಗಿದುಹೋದ ವೀರಗಲ್ಲು. ಆದರೆ ನಾವು ಹೇಳೋದು ಅದೇ ನಾಲ್ಕೈದು ಕಥೆ, ಅದನ್ನೇ ವಾಟ್ಸಾಪಲ್ಲಿ ತಿರುಗಿಸಿ ತಿರುಗಿಸಿ ಕಳಿಸ್ತಾ ಇರ್ತೇವೆ, ಪ್ರತಿ ಸಲ ಅದಕ್ಕೊಂದು ಸುರಂಗ ಸೇರ್ಕೊಳ್ತದೆ, ಇಲ್ಲಾಂದ್ರೆ ನಿಧಿ. ಅದಕ್ಕಿಂತ ಎಷ್ಟೋ ಸೋಜಿಗದ ಸಂಗತಿ ಕಾಗದದಲ್ಲಿ, ಕಲ್ಲಲ್ಲಿ ಸುಮ್ನೆ ಕೂತಿದೆ, ಕೇಳೋರಿಲ್ಲ. ಅದನ್ನ ಎಲ್ಲಿ ಹುಡುಕಬೇಕು, ಸಿಕ್ಕ ಮೇಲೆ ನಿಜವೋ ಅಲ್ವೋ ಅಂತ ಹೇಗೆ ನೋಡ್ಬೇಕು ಅನ್ನೋದನ್ನ ಇಲ್ಲಿ ಬರೀತೇನೆ. ಹುಡುಕೋದಕ್ಕಿಂತ ನೋಡೋದೇ ದೊಡ್ಡ ಕೆಲಸ, ಅದನ್ನ ಮೊದಲೇ ಹೇಳಿಬಿಡ್ತೇನೆ.

ಶುರು ಮಾಡೋವಾಗ ಸಣ್ಣ ಪ್ರಶ್ನೆ ಹಿಡೀರಿ. "ಗೇರುಸೊಪ್ಪೆ ಇತಿಹಾಸ" ಅಂತ ಕೂತ್ರೆ ಮೂರು ದಿನಕ್ಕೆ ಸಾಕಾಗಿ ಬಿಡ್ತೀರಿ. "ಭಟ್ಕಳದಲ್ಲಿ ಇಂಗ್ಲಿಷರ ಸಮಾಧಿ ಯಾಕಿದೆ" ಅಂತ ಕೇಳಿ, ಎಲ್ಲಿ ಹೋಗಬೇಕು ಅಂತ ಪ್ರಶ್ನೆನೇ ದಾರಿ ತೋರಿಸ್ತದೆ. ಇದೇ ಉದಾಹರಣೆ ತಗೊಂಡು ಪೂರ್ತಿ ಮಾಡಿ ತೋರಿಸ್ತೇನೆ, ಯಾಕಂದ್ರೆ ಇದರಲ್ಲಿ ಎಲ್ಲಾ ಪಾಠನೂ ಇದೆ.

ಭಟ್ಕಳದ ಕಥೆ ಕೆಲವರು ಕೇಳಿರ್ತೀರಿ. 1670ರಲ್ಲಿ ಸರಕು ತುಂಬೋಕೆ ಒಂದು ಇಂಗ್ಲಿಷ್ ಹಡಗು ಬಂತು, ಅದರ ಕ್ಯಾಪ್ಟನ್ ಅಲ್ಲಿದ್ದ ಇಂಗ್ಲಿಷ್ ಕೋಠಿಯ, ಅಂದರೆ ವ್ಯಾಪಾರದ ಮಳಿಗೆಯ, ಮುಖ್ಯಸ್ಥನಿಗೆ ಒಂದು ಬುಲ್‌ಡಾಗ್ ಉಡುಗೊರೆ ಕೊಟ್ಟ, ಇವರು ನಾಯಿ ಕರ್ಕೊಂಡು ಬೇಟೆಗೆ ಹೊರಟಾಗ ಆ ನಾಯಿ ದೇವಸ್ಥಾನಕ್ಕೆ ಬಿಟ್ಟ ಹಸುವನ್ನ ಕೊಂದು ಹಾಕ್ತು, ಊರವರು ಸಿಟ್ಟಿಗೆದ್ದು 18 ಜನ ಇಂಗ್ಲಿಷರನ್ನ ಮುಗಿಸಿಬಿಟ್ರು, ಎಲ್ಲರನ್ನೂ ಒಂದೇ ಗುಂಡಿಯಲ್ಲಿ ಹೂತ್ರು, ಮೇಲೊಂದು ಕಲ್ಲು, ಅದರಲ್ಲಿ ಜಾನ್ ಬೆಸ್ಟ್ ಮತ್ತೆ ಇನ್ನು ಹದಿನೇಳು ಮಂದಿ ಅಂತ ಬರೆದಿತ್ತು. ಕೇಳೋಕೆ ಮೈ ಜುಮ್ ಅಂತದೆ. ಈಗ ಮೊದಲ ಕೆಲಸ ಏನು? ಇದನ್ನ ಮೊದಲು ಹೇಳಿದವರು ಯಾರು, ಯಾವಾಗ ಹೇಳಿದ್ದು ಅಂತ ಹಿಂದಕ್ಕೆ ಹೋಗೋದು. ವೆಬ್‌ಸೈಟಿನಿಂದ ಗೆಜೆಟಿಯರಿಗೆ (ಜಿಲ್ಲೆಯ ವಿವರ ಎಲ್ಲಾ ಇರೋ ಸರ್ಕಾರಿ ಪುಸ್ತಕ), ಗೆಜೆಟಿಯರಿನಿಂದ ಅದು ಯಾವ ಪುಸ್ತಕ ನೋಡಿ ಬರೀತೋ ಅಲ್ಲಿಗೆ. ಹಾಗೆ ಹೋದರೆ ಸಿಗೋದು ಅಲೆಕ್ಸಾಂಡರ್ ಹ್ಯಾಮಿಲ್ಟನ್ ಅನ್ನೋ ಸ್ಕಾಟ್ಲೆಂಡಿನ ಹಡಗು ವ್ಯಾಪಾರಿ, ಅವನ ಪುಸ್ತಕ ಅಚ್ಚಾಗಿದ್ದು 1727ರಲ್ಲಿ. ಅಂದರೆ ಘಟನೆ ಆಯ್ತು ಅಂತಾನಲ್ಲ, ಅದಕ್ಕೂ ಪುಸ್ತಕಕ್ಕೂ ನಡುವೆ 57 ವರ್ಷ.

ಎರಡನೇ ಕೆಲಸ ಕಲ್ಲು ನೋಡೋದು. ಭಟ್ಕಳದಲ್ಲಿ ಓದೋಕೆ ಸಿಕ್ಕಿದ ಹಳೇ ಇಂಗ್ಲಿಷ್ ಸಮಾಧಿ ಕಲ್ಲಲ್ಲಿ ಜಾರ್ಜ್ ವೈ ಅನ್ನೋ ವ್ಯಾಪಾರಿದು 31 ಮಾರ್ಚ್ 1637, ವಿಲಿಯಂ ಬಾರ್ಟನ್ ಅನ್ನೋ ಶಸ್ತ್ರವೈದ್ಯಂದು 1638. ನಾಯಿ ಕಥೆಗಿಂತ ಮೂವತ್ತು ವರ್ಷ ಹಿಂದಿನವರು ಇವರು! ಹಾಗಾಗಿ ಈ ಕಲ್ಲಿನ ಫೋಟೋ ಹಾಕಿ ಕೆಳಗೆ ನಾಯಿ ಕಥೆ ಬರೆದರೆ ಅದು ತಪ್ಪು, ಇದಕ್ಕೂ ಅದಕ್ಕೂ ಸಂಬಂಧ ಇಲ್ಲ. ನಾಯಿ ಕಥೆ ಸುಳ್ಳು ಅಂತಲೂ ಇದರಿಂದ ಹೇಳೋಕೆ ಬರೋದಿಲ್ಲ, ಹ್ಯಾಮಿಲ್ಟನ್ ಹೀಗೆ ಹೇಳಿದ ಅನ್ನೋಷ್ಟೇ ನಮ್ಮ ಕೈಲಿರೋದು.

ಈಗ ನೋಡಿ, ಇಲ್ಲಿಂದಲೇ ಇನ್ನೊಂದು ಕಥೆ ತೆರ್ಕೊಳ್ತದೆ, ನನಗಂತೂ ಇದೇ ಹೆಚ್ಚು ಇಷ್ಟ. 1637ರಲ್ಲಿ ಭಟ್ಕಳದಲ್ಲಿ ಇದ್ದ ಇಂಗ್ಲಿಷರು ಈಸ್ಟ್ ಇಂಡಿಯಾ ಕಂಪನಿಯವರೇ ಅಲ್ಲ, ಆ ಕಂಪನಿಗೆ ಎದುರಾಳಿಯಾಗಿ ಸರ್ ವಿಲಿಯಂ ಕೋರ್ಟೀನ್ ಅನ್ನೋನ ಕಡೆಯಿಂದ ರಾಜನ ಪರವಾನಗಿ ಹಿಡ್ಕೊಂಡು ಬಂದ ಬೇರೆ ಗುಂಪು, ಅವರ ಹಡಗುಗಳ ನಾಯಕ ಜಾನ್ ವೆಡೆಲ್. ಅದೇ ಹಡಗಲ್ಲಿ ಪೀಟರ್ ಮಂಡಿ ಅನ್ನೋ ಒಬ್ಬ ಇದ್ದ, ಕಂಡಿದ್ದೆಲ್ಲಾ ಬರೆದು ಇಡೋ ಸ್ವಭಾವದವ. ಭಟ್ಕಳದಿಂದ ಘಟ್ಟ ಹತ್ತಿ ಇಕ್ಕೇರಿಗೆ ಹೋಗಿ ಕೆಳದಿಯ ವೀರಭದ್ರ ನಾಯಕನ ಹತ್ತಿರ ಮೆಣಸಿನ ವ್ಯಾಪಾರಕ್ಕೆ ಅನುಮತಿ ಕೇಳಿದ ಪ್ರಯಾಣವನ್ನ ಬರೆದಿಟ್ಟಿದಾನೆ. ಮುಂದಿನ ವರ್ಷ, ಅಂದರೆ 1638ರಲ್ಲಿ, ಇದೇ ಕೋರ್ಟೀನ್ ಗುಂಪು ಕಾರವಾರದಲ್ಲೂ ಕೋಠಿ ಹಾಕ್ತು. ನಾಯಿ ಇಲ್ಲ, ರಕ್ತ ಇಲ್ಲ, ಆದರೂ ಒಂದು ಮುರುಕು ಕಲ್ಲಿನಿಂದ ಲಂಡನ್ನಿನ ಜಗಳದ ತನಕ ದಾರಿ ಸಿಕ್ತು. ಹೀಗೆ ಹುಡುಕ್ತಾ ಹೋದರೆ ಬೇಕಾದ್ದು ಸಿಗದಿದ್ರೂ ಅದಕ್ಕಿಂತ ಒಳ್ಳೇದು ಸಿಗ್ತದೆ.

ಈಗ ಕಾಗದ ಎಲ್ಲಿ ಅಂತ. ಇದು ನಮ್ಮ ಜಿಲ್ಲೆಗೆ ಮಾತ್ರ ಇರೋ ತಲೆನೋವು, ಅರ್ಥ ಮಾಡ್ಕೊಂಡ್ರೆ ಅರ್ಧ ಕೆಲಸ ಆದ ಹಾಗೆ. ಟಿಪ್ಪು ಬಿದ್ದ ಮೇಲೆ 1799ರಲ್ಲಿ ಕೆನರಾ, ಅಂದರೆ ನಮ್ಮ ಕರಾವಳಿ, ಈಸ್ಟ್ ಇಂಡಿಯಾ ಕಂಪನಿ ಕೈಗೆ ಬಂದು ಮದ್ರಾಸಿಗೆ ಸೇರಿತು, ಥಾಮಸ್ ಮನ್ರೋ ಮೊದಲ ಕಲೆಕ್ಟರ್. 1862ರಲ್ಲಿ ಉತ್ತರದ ಭಾಗ ಬಾಂಬೆಗೆ ಹೋಯ್ತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. ಹಾಗಾಗಿ ನಿಮಗೆ ಬೇಕಾದ್ದು 1820ರ ಕಾಗದ ಆದರೆ ಚೆನ್ನೈನ ಎಗ್ಮೋರಲ್ಲಿರೋ ತಮಿಳುನಾಡು ಪತ್ರಾಗಾರ ನೋಡಬೇಕು, 1880ರದ್ದಾದರೆ ಮುಂಬೈನ ಮಹಾರಾಷ್ಟ್ರ ಪತ್ರಾಗಾರ. ಬೆಂಗಳೂರಲ್ಲಿ ಕೂತು ಹುಡುಕಿ ಏನೂ ಸಿಗಲಿಲ್ಲ ಅಂತ ಬೇಜಾರು ಮಾಡ್ಕೊಳ್ಳೋದು ಬೇಡ.

ಇನ್ನೊಂದು, ಸೋಂದಾ. ಹೈದರನ ಸೈನ್ಯ 1760ರ ದಶಕದಲ್ಲಿ ಬಂದಾಗ ಸೋಂದೆಯ ಅರಸರು ಗೋವಾಕ್ಕೆ ಓಡಿಹೋದ್ರು, ಪೋರ್ಚುಗೀಸರ ಆಶ್ರಯದಲ್ಲಿ ಪೋಂಡಾ ಹತ್ತಿರದ ಬಾಂದೋಡೆಯಲ್ಲಿ ನೆಲೆ ನಿಂತ್ರು. ಸಿರ್ಸಿಯಿಂದ ಅರ್ಧ ಗಂಟೆ ದಾರಿಯ ಊರಿನ ಅರಸರ ಕಥೆಯ ಎರಡನೇ ಭಾಗ ಇರೋದು ಪಣಜಿಯ ಪತ್ರಾಗಾರದಲ್ಲಿ, ಅದೂ ಪೋರ್ಚುಗೀಸ್ ಭಾಷೆಯಲ್ಲಿ.

ಶಾಸನದ ವಿಷಯದಲ್ಲೂ ಇದೇ. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಹಳೇ ಮೈಸೂರು ಸಂಸ್ಥಾನಕ್ಕೆ ಮಾತ್ರ, ನಾವು ಆಗ ಬಾಂಬೆಯವರು, ಹಾಗಾಗಿ ನಮ್ಮ ಜಿಲ್ಲೆ ಅದರಲ್ಲಿ ಇಲ್ಲ. ಆದರೆ 8ನೇ ಸಂಪುಟದಲ್ಲಿ ಸೊರಬ, ಸಾಗರ ಇದೆ, ಬನವಾಸಿಗೂ ಸಿದ್ದಾಪುರಕ್ಕೂ ತಾಗಿಕೊಂಡ ತಾಲೂಕುಗಳು. ಶಾಸನ ಬರೆಸಿದವರಿಗೆ ನಮ್ಮ ತಾಲೂಕು ಗಡಿ ಗೊತ್ತಿರಲಿಲ್ಲ ಅಲ್ವಾ, ಬನವಾಸಿ ಪನ್ನಿರ್ಚ್ಛಾಸಿರದ (ಬನವಾಸಿ ಹನ್ನೆರಡು ಸಾವಿರ ಅನ್ನೋ ಹಳೇ ಪ್ರಾಂತ್ಯದ) ಅಧಿಕಾರಿಗಳ ಹೆಸರು ಸೊರಬದ ಕಲ್ಲಲ್ಲಿ ಸಾಲುಸಾಲು ಸಿಗ್ತದೆ. ಪಕ್ಕದ ತಾಲೂಕಿನ ಸಂಪುಟ ತೆರೆದು ನಿಮ್ಮೂರಿನ ಹೆಸರು ಹುಡುಕಿ ನೋಡಿ.

ಮನೇಲೇ ಕೂತು ಶುರು ಮಾಡೋದಾದ್ರೆ ಬಾಂಬೆ ಗೆಜೆಟಿಯರಿನ 15ನೇ ಸಂಪುಟ, ಕೆನರಾ, 1883, ಎರಡು ಭಾಗ. ಆರ್ಕೈವ್ ಡಾಟ್ ಆರ್ಗ್‌ನಲ್ಲಿ ಪುಕ್ಕಟೆ ಸಿಗ್ತದೆ. ಎರಡನೇ ಭಾಗದಲ್ಲಿ ಊರು ಊರಿಗೆ ಬರೆದಿದಾರೆ, ಅಡಿಟಿಪ್ಪಣಿ ಬಿಡದೇ ಓದಿ, ಮಜಾ ಇರೋದೇ ಅಲ್ಲಿ. ಅದರ ಜೊತೆ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಹೊನ್ನಾವರ, ಗೋಕರ್ಣ, ಅಂಕೋಲಾ, ಸೋಂದಾ, ಬನವಾಸಿ ಎಲ್ಲಾ ಸುತ್ತಿ ಬರೆದ ಪ್ರವಾಸ ವರದಿ, 1807ರಲ್ಲಿ ಮೂರು ಸಂಪುಟವಾಗಿ ಬಂತು, ನಮ್ಮ ಜಿಲ್ಲೆ ಮೂರನೇದರಲ್ಲಿ. ಅಡಿಕೆ ತೋಟಕ್ಕೆ ಯಾವ ಸೊಪ್ಪು ಹಾಕ್ತಾರೆ, ಕರ ಎಷ್ಟು ಅನ್ನೋ ತನಕ ಕೇಳಿ ಬರ್ಕೊಂಡಿದಾನೆ ಪುಣ್ಯಾತ್ಮ.

ಹುಡುಕೋ ಪದ ಸರಿ ಹಾಕದಿದ್ರೆ ಇವ್ಯಾವುದೂ ಕೈಗೆ ಹತ್ತೋದಿಲ್ಲ. ಹೊನ್ನಾವರ ಅಂದ್ರೆ ಹಳೇ ಪುಸ್ತಕದಲ್ಲಿ ಓನೋರ್, ಅರಬ್ಬರಲ್ಲಿ ಹಿನಾವರ್. ಭಟ್ಕಳ ಬಟಿಕಾಲಾ, ಸೋಂದಾ ಸುಂಡಾ ಇಲ್ಲಾ ಸೂಂಡಾ, ಸದಾಶಿವಗಡ ಸೆದಾಶೆಗರ್, ಕಾರವಾರ ಸಿ ಅಕ್ಷರದಿಂದ. 1700ರ ಆಸುಪಾಸಿನ ಇಂಗ್ಲಿಷ್ ಪುಸ್ತಕದಲ್ಲಿ ಪದದ ನಡುವೆ ಬರೋ ಎಸ್ ಅಕ್ಷರ ಎಫ್ ತರ ಕಾಣ್ತದೆ, ಕಂಪ್ಯೂಟರ್ ಸ್ಕ್ಯಾನೂ ಅದನ್ನ ಎಫ್ ಅಂತಲೇ ಓದಿರ್ತದೆ, ಹಾಗಾಗಿ ಎರಡೂ ತರ ಟೈಪ್ ಮಾಡಿ ಹುಡುಕಿ.

ತಾರೀಕಿನ ಬಗ್ಗೆ ಒಂದು ಮಾತು. 1752ಕ್ಕೆ ಮೊದಲು ಇಂಗ್ಲಿಷರ ಸರ್ಕಾರಿ ಹೊಸ ವರ್ಷ ಶುರುವಾಗ್ತಾ ಇದ್ದಿದ್ದು ಮಾರ್ಚ್ 25ಕ್ಕೆ. ಫೆಬ್ರವರಿ 1664 ಅಂತ ಪತ್ರದಲ್ಲಿ ಇದ್ರೆ ನಮ್ಮ ಲೆಕ್ಕಕ್ಕೆ 1665 ಆಗಿರಬಹುದು. ಪೋರ್ಚುಗೀಸರು ಆಗಲೇ ಹೊಸ ಕ್ಯಾಲೆಂಡರ್ ಹಿಡಿದಿದ್ರು, 17ನೇ ಶತಮಾನದಲ್ಲಿ ಇಬ್ಬರ ತಾರೀಕಿಗೂ ಹತ್ತು ದಿನ ವ್ಯತ್ಯಾಸ. ಗೋವಾದ ಕಾಗದ, ಕಾರವಾರದ ಕಾಗದ ಹೋಲಿಸಿ ನೋಡೋವಾಗ ಇದನ್ನ ಮರೆತ್ರೆ ಒಂದೇ ಘಟನೆ ಎರಡಾಗಿ ಕಾಣ್ತದೆ.

ಇದಕ್ಕೆ ಸರಿಯಾದ ಉದಾಹರಣೆ 1665ರ ಫೆಬ್ರವರಿಯಲ್ಲಿ ಶಿವಾಜಿ ನಮ್ಮ ಕರಾವಳಿಗೆ ಬಂದದ್ದು. ಇದನ್ನ ನಮಗೆ ಹೇಳೋದು ಕಾರವಾರದ ಇಂಗ್ಲಿಷ್ ಕೋಠಿಯವರು ಸೂರತ್ತಿಗೆ ಬರೆದ ಪತ್ರ. ಮಾಲವಣದಿಂದ 85 ಸಣ್ಣ ಹಡಗು, 3 ದೊಡ್ಡ ಹಡಗು ತಗೊಂಡು ಬಸ್ರೂರಿಗೆ ಹೋಗಿ ಲೂಟಿ ಮಾಡಿ, ವಾಪಸ್ ಬರ್ತಾ ಗೋಕರ್ಣದಲ್ಲಿ ಇಳಿದು ಶಿವರಾತ್ರಿ ಸ್ನಾನ ಮಾಡಿ, ಅಂಕೋಲಾ ಮೇಲೆ ಕಾರವಾರಕ್ಕೆ ಬಂದ. ಅದೇ ರಾತ್ರಿ ಬಿಜಾಪುರದ ಸರದಾರ ಶೇರ್‌ಖಾನ್ ಕೂಡ ಊರು ಸೇರಿದ್ದ, ಕೋಠಿಯವರು ಹೆದರಿ ಕಂಪನಿಯ ದುಡ್ಡನ್ನ ನದಿಯಲ್ಲಿ ನಿಂತಿದ್ದ ಮಸ್ಕತ್ತಿನ ಒಂದು ಸಣ್ಣ ಹಡಗಿಗೆ ಸಾಗಿಸಿದ್ರು. ಕಡೆಗೆ ಊರಿನ ವ್ಯಾಪಾರಿಗಳೆಲ್ಲಾ ಸೇರಿ ಕಪ್ಪ ಕೊಟ್ರು, ಅದರಲ್ಲಿ ಇಂಗ್ಲಿಷರ ಪಾಲು 112 ಪೌಂಡ್. ಹೋಗೋವಾಗ ಶಿವಾಜಿ, ಈ ಶೇರ್‌ಖಾನ್ ನನ್ನ ಹೋಳಿ ಬೇಟೆ ಕೆಡಿಸಿದ ಅಂದ ಅಂತ ಪತ್ರದಲ್ಲಿದೆ.

ಈ ಪತ್ರವನ್ನ ನಂಬೋದು ಹೇಗೆ? ಬರೆದವರು ಸ್ಥಳದಲ್ಲೇ ಇದ್ದವರು, ಬರೆದಿದ್ದು ವಾರಗಳ ಒಳಗೆ, ಬರೆದಿದ್ದು ದುಡ್ಡಿನ ಲೆಕ್ಕ ಕೊಡಬೇಕಾದ ಯಜಮಾನರಿಗೆ. ಮತ್ತೆ ಪಂಚಾಂಗವೂ ತಾಳೆ ಆಗ್ತದೆ: ಮಾಘ ಬಹುಳ ಚತುರ್ದಶಿಗೆ ಶಿವರಾತ್ರಿ, ಫಾಲ್ಗುಣ ಹುಣ್ಣಿಮೆಗೆ ಹೋಳಿ, ನಡುವೆ ಹದಿನಾರು ದಿನದ ಆಸುಪಾಸು, ಗೋಕರ್ಣದ ಸ್ನಾನ ಮುಗಿಸಿ ಕಾರವಾರದಲ್ಲಿ ಹೋಳಿ ಮಾತಾಡೋದು ಸರಿಯಾಗೇ ಕೂಡ್ತದೆ. ಆದರೆ ಶಿವಾಜಿ ನಿಜವಾಗಿ ಏನಂದ ಅನ್ನೋದು ಕೋಠಿಯವರ ಕಿವಿಗೆ ಬಿದ್ದ ಮಾತು, ಕಪ್ಪದ ಮೊತ್ತದಷ್ಟು ಗಟ್ಟಿ ಅಲ್ಲ. ಒಂದೇ ಪತ್ರದ ಒಳಗೇ ಹೀಗೆ ಗಟ್ಟಿ ಎಷ್ಟು, ಜೊಳ್ಳು ಎಷ್ಟು ಅಂತ ಕೇರಬೇಕು.

ದೊಡ್ಡ ಹೆಸರು ಅಂಟಿಕೊಂಡ ಕಡೆ ಇನ್ನೂ ಹುಷಾರಾಗಿರಿ. ಸದಾಶಿವಗಡ ಶಿವಾಜಿ ಕಟ್ಟಿದ್ದು ಅಂತ ಇವತ್ತಿಗೂ ಹೇಳ್ತಾರೆ, ಶಿವಾಜಿ ತೀರಿಕೊಂಡಿದ್ದು 1680, ಆ ಕೋಟೆ ಸೋಂದೆಯ ಅರಸರು 18ನೇ ಶತಮಾನದ ಶುರುವಿನಲ್ಲಿ ಕಟ್ಟಿ ತಂದೆಯ ಹೆಸರಿಟ್ಟಿದ್ದು. ಮಿರ್ಜಾನ್ ಕೋಟೆಯಿಂದ ಸುರಂಗ ಎಲ್ಲೆಲ್ಲಿಗೋ ಹೋಗ್ತದೆ ಅನ್ನೋರಿಗೆ, ಅಲ್ಲಿ ಅಗೆದಾಗ ಚೀನಾ ಪಿಂಗಾಣಿ ಚೂರು ಸಿಕ್ಕಿದ್ದು ಗೊತ್ತೇ ಇರೋದಿಲ್ಲ. ಅಘನಾಶಿನಿ ದಂಡೆಯಲ್ಲಿ ಚೀನಾದ ತಟ್ಟೆ ಯಾರು ತಂದ್ರು, ಯಾರು ಉಂಡ್ರು? 1552ರಿಂದ 1606ರ ತನಕ ಗೇರುಸೊಪ್ಪೆ ಆಳಿದ ಚೆನ್ನಭೈರಾದೇವಿಯನ್ನ ಪೋರ್ಚುಗೀಸರು ಮೆಣಸಿನ ರಾಣಿ ಅಂತ ಯಾಕೆ ಕರೆದ್ರು ಅನ್ನೋದಕ್ಕೆ ಆ ಚೂರಿನಿಂದ ಶುರು ಮಾಡಿ, ಸುರಂಗದಿಂದ ಬೇಡ.

ಒಂದು ಕಥೆಯ ಹಿಂದಿನ ಕಾರಣ ಹುಡುಕೋದೂ ಒಳ್ಳೇ ಅಭ್ಯಾಸ. ರವೀಂದ್ರನಾಥ ಟಾಗೋರರು ಇಪ್ಪತ್ತೆರಡರ ಆಸುಪಾಸಿನಲ್ಲಿ ಕಾರವಾರಕ್ಕೆ ಬಂದು, ಬೆಳದಿಂಗಳಲ್ಲಿ ಕಾಳಿ ನದಿಯಲ್ಲಿ ದೋಣಿ ಹೋಗಿ, ಇಲ್ಲೇ 'ಪ್ರಕೃತಿರ್ ಪ್ರತಿಶೋಧ್' ನಾಟಕ ಬರೆದ್ರು, ಇದು ಬೀಚಿಗೆ ಹೋಗೋ ಎಲ್ಲರಿಗೂ ಗೊತ್ತು. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಡ್ಜ್ ಆಗಿದ್ರು ಅಂತಲೂ ಗೊತ್ತು. ಆದರೆ ಬಂಗಾಳದವರು ಕಾರವಾರಕ್ಕೆ ಜಡ್ಜ್ ಆಗಿದ್ದು ಹೇಗೆ? ಅವರಿದ್ದಿದ್ದು ಬಾಂಬೆ ಪ್ರಾಂತ್ಯದ ಸೇವೆಯಲ್ಲಿ. ಕಾರವಾರ ಬಾಂಬೆಗೆ ಸೇರಿದ್ದು 1862ರಲ್ಲಿ, ಅದಕ್ಕೆ ಒತ್ತಾಯ ಮಾಡಿದವರಲ್ಲಿ ಧಾರವಾಡದ ಹತ್ತಿ ಇಳಿಸೋಕೆ ಇಲ್ಲಿ ಬಂದರು ಬೇಕು ಅಂದ ಮ್ಯಾಂಚೆಸ್ಟರಿನ ಹತ್ತಿ ವ್ಯಾಪಾರಿಗಳೂ ಇದ್ರು, 1861ರಲ್ಲಿ ಅಮೆರಿಕದಲ್ಲಿ ಯುದ್ಧ ಶುರುವಾಗಿ ಹತ್ತಿ ನಿಂತಾಗ ಆ ಗಡಿಬಿಡಿ ಇನ್ನೂ ಜೋರಾಯ್ತು. ಟಾಗೋರರ ಬೆಳದಿಂಗಳ ದೋಣಿಗೆ ಮ್ಯಾಂಚೆಸ್ಟರಿನ ಮಗ್ಗದ ಒಂದು ನೂಲು ಕಟ್ಟಿದೆ ಅಂತ ಗೊತ್ತಾದಾಗ ಆ ಕಡಲತೀರವೇ ಬೇರೆ ತರ ಕಾಣ್ತದೆ.

ಪ್ರವಾಸಿಗಳ ಬರಹ ಓದೋವಾಗ ಅವರು ಕಂಡಿದ್ದು ಯಾವುದು, ಕೇಳಿದ್ದು ಯಾವುದು ಅಂತ ಪೆನ್ಸಿಲಲ್ಲಿ ಗುರುತು ಹಾಕಿ. 1340ರ ದಶಕದಲ್ಲಿ ಇಬ್ನ್ ಬತೂತಾ ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆ ನೋಡಿದೆ, ಇನ್ನೆಲ್ಲೂ ಇಂಥದ್ದು ಕಂಡಿಲ್ಲ ಅಂತಾನೆ. ಅವ ಅಲ್ಲಿ ಉಳಿದವ, ಅಲ್ಲಿನ ಸುಲ್ತಾನನ ಜೊತೆ ಗೋವಾ ಮೇಲಿನ ದಾಳಿಗೂ ಹೋದವ. ಹಾಗಾಗಿ ಆ ಅಂಕಿಗೆ ತೂಕ ಇದೆ, ಬೀದಿ ಬೀದಿ ತಿರುಗಿ ಎಣಿಸಿದ್ನೋ ಇಲ್ವೋ ಅನ್ನೋದು ಬೇರೆ. 1623ರಲ್ಲಿ ಇಟಲಿಯ ಪಿಯೆತ್ರೋ ದೆಲ್ಲಾ ವಾಲೆ ಹೊನ್ನಾವರದಿಂದ ಶರಾವತಿ ಮೇಲೆ ದೋಣಿಯಲ್ಲಿ ಗೇರುಸೊಪ್ಪೆಗೆ ಹೋದ, ಆ ನದಿಯ ಚೆಂದ ಹೊಗಳಿದಾನೆ, ಹಾಳುಬಿದ್ದ ಅರಮನೆಯನ್ನೂ ಕಂಡಿದಾನೆ, ಇದೆಲ್ಲಾ ಅವನ ಕಣ್ಣಿನದು. ರಾಣಿಯ ಬಗ್ಗೆ ಅವ ಹೇಳೋ ಗಾಸಿಪ್ ಅವಳ ವೈರಿಗಳ ಬಾಯಿಂದ ಬಂದದ್ದು, ಅದನ್ನ ಅಷ್ಟಕ್ಕೇ ಇಡಿ.

ಅಂಜುದೀವದ್ದು ಒಂದು ಹೇಳಲೇಬೇಕು. ಕಾರವಾರದ ಗುಡ್ಡ ಹತ್ತಿದ್ರೆ ಕಾಣೋ ದ್ವೀಪ, ಈಗ ನೌಕಾಪಡೆಯ ಕೈಲಿದೆ, ಹೋಗೋಕೆ ಬಿಡೋದಿಲ್ಲ. 1661ರಲ್ಲಿ ಪೋರ್ಚುಗೀಸ್ ರಾಜಕುಮಾರಿ ಜೊತೆ ಆದ ಮದುವೆ ಒಪ್ಪಂದದಲ್ಲಿ ಬಾಂಬೆ ಇಂಗ್ಲೆಂಡಿನ ರಾಜನಿಗೆ ಬಂತು ಅಂತ ಶಾಲೆಲಿ ಓದಿದೀವಿ. ಅದನ್ನ ತಗೊಳ್ಳೋಕೆ 1662ರಲ್ಲಿ ಸರ್ ಅಬ್ರಹಾಂ ಶಿಪ್‌ಮನ್ ಸುಮಾರು 500 ಸೈನಿಕರ ಜೊತೆ ಬಂದ, ಪೋರ್ಚುಗೀಸರು ಬಿಟ್ಟುಕೊಡಲಿಲ್ಲ, ಎಲ್ಲೂ ಇಳಿಯೋಕೆ ಜಾಗ ಇಲ್ಲದೇ ಅಂಜುದೀವದಲ್ಲಿ ಇಳಿದ್ರು. ಎರಡು ಮಳೆಗಾಲ, ಸೂರು ಸರಿ ಇಲ್ಲ, ಊಟ ಸರಿ ಇಲ್ಲ, ಜ್ವರ. ಶಿಪ್‌ಮನ್ ಅಲ್ಲೇ ಸತ್ತ, 1665ರ ಶುರುವಿನಲ್ಲಿ ಬಾಂಬೆ ತಲುಪಿದಾಗ ಉಳಿದವರು ನೂರರ ಆಸುಪಾಸು. ಉಳಿದವರ ಸಂಖ್ಯೆ ಒಂದೊಂದು ಪುಸ್ತಕದಲ್ಲಿ ಒಂದೊಂದು, ಯಾಕಂದ್ರೆ ಒಬ್ಬರು ಸಿಪಾಯಿಗಳನ್ನ ಮಾತ್ರ ಎಣಿಸ್ತಾರೆ, ಇನ್ನೊಬ್ಬರು ಅಧಿಕಾರಿಗಳನ್ನೂ ಸೇರಿಸ್ತಾರೆ. ಇಂಥಲ್ಲಿ ಒಂದು ಅಂಕಿ ಹಿಡ್ಕೊಂಡು ಜಗಳ ಆಡೋದಕ್ಕಿಂತ ಯಾರನ್ನ ಎಣಿಸಿದ್ರು ಅಂತ ನೋಡಿ.

ಸಾಕು ಕಾಗದ, ಈಗ ಕಲ್ಲಿನ ಹತ್ತಿರ ಹೋಗೋಣ. ಹೋಗೋಕೆ ಸರಿಯಾದ ಕಾಲ ದೀಪಾವಳಿ ಕಳೆದ ಮೇಲೆ, ಹುಲ್ಲು ಒಣಗಿ ಪಾಚಿ ಉದುರಿರ್ತದೆ. ನಡು ಮಧ್ಯಾಹ್ನ ಹೋದರೆ ಅಕ್ಷರ ಕಾಣೋದಿಲ್ಲ, ಬೆಳಿಗ್ಗೆ ಎಂಟಕ್ಕೋ ಸಂಜೆ ಐದಕ್ಕೋ ಹೋಗಿ, ಬಿಸಿಲು ಓರೆ ಬಿದ್ದಾಗ ಸವೆದ ಅಕ್ಷರವೂ ನೆರಳು ಹಿಡೀತದೆ. ಕಾಡೊಳಗೆ ಬಿಸಿಲೇ ಬೀಳದ ಕಡೆ ಟಾರ್ಚನ್ನ ಕಲ್ಲಿನ ಪಕ್ಕಕ್ಕೆ ತಾಗಿಸಿ ಓರೆಯಾಗಿ ಬಿಡಿ, ನಾಲ್ಕೂ ಕಡೆಯಿಂದ ಒಂದೊಂದು ಫೋಟೋ ತೆಗೀರಿ, ಎಡದಿಂದ ಕಾಣದ ಅಕ್ಷರ ಬಲದಿಂದ ಕಾಣ್ತದೆ. ತೊಳೆಯೋದಾದ್ರೆ ಬರೀ ನೀರು, ಮೆತ್ತನೆ ಬ್ರಷ್. ಸುಣ್ಣ, ಚಾಕ್‌ಪೀಸು, ಎಣ್ಣೆ, ತಂತಿ ಬ್ರಷ್ ಯಾವುದೂ ಬೇಡ, ಒಂದ್ಸಲ ಉಜ್ಜಿದ್ರೆ ಐನೂರು ವರ್ಷ ಉಳಿದಿದ್ದು ಐದು ನಿಮಿಷದಲ್ಲಿ ಹೋಗ್ತದೆ.

ಅಕ್ಷರ ಬರದಿದ್ರೂ ಚಿತ್ರ ಓದಬಹುದು. ವೀರಗಲ್ಲಲ್ಲಿ ಕೆಳಗಿನ ಅಂಕಣ ಹೋರಾಟ, ನಡುವೆ ಅಪ್ಸರೆಯರು ವೀರನನ್ನ ಕರ್ಕೊಂಡು ಹೋಗ್ತಾರೆ, ಮೇಲೆ ಲಿಂಗದ ಮುಂದೆ ಕೂತಿರ್ತಾನೆ, ಲಿಂಗದ ಜಾಗದಲ್ಲಿ ಜಿನ ಇದ್ರೆ ಮನೆತನ ಜೈನರದ್ದು. ಕೆಳಗಿನ ಅಂಕಣದಲ್ಲಿ ದನ ಇದ್ರೆ ತುರು ಕಾಯೋಕೆ ಹೋಗಿ ಸತ್ತವ, ದೋಣಿ ಇದ್ರೆ ನಿಮ್ಮ ಅದೃಷ್ಟ, ಕಡಲ ಜಗಳದ್ದು. ಕಂಬದಿಂದ ಚಾಚಿದ ಬಳೆ ತೊಟ್ಟ ಕೈ ಇದ್ರೆ ಮಾಸ್ತಿಕಲ್ಲು. ವರ್ಷ ಶಕದಲ್ಲಿ ಇದ್ರೆ 78 ಕೂಡಿಸಿ. ಅಂಕಿ ಒಡೆದುಹೋಗಿ ಸಂವತ್ಸರದ ಹೆಸರು ಮಾತ್ರ ಉಳಿದಿದ್ರೂ ದಾರಿ ಇದೆ: ಪರಿಧಾವಿ ಅಂತಿದ್ರೆ 1492, 1552, 1612, ಹೀಗೆ ಅರವತ್ತು ವರ್ಷಕ್ಕೊಂದೇ ಸಲ ಬರ್ತದೆ, ಅರಸನ ಹೆಸರೋ ಅಕ್ಷರದ ಶೈಲಿಯೋ ಯಾವುದು ಅಂತ ಹೇಳ್ತದೆ. ಇನ್ನು ಬನವಾಸಿಗೆ ಹೋದಾಗ ಮಧುಕೇಶ್ವರ ದೇವಸ್ಥಾನದ ಆವರಣದಲ್ಲಿರೋ ಐದು ಹೆಡೆಯ ನಾಗಕಲ್ಲು ನೋಡದೇ ಬರಬೇಡಿ, ಅದರ ಪ್ರಾಕೃತ ಬರಹದಲ್ಲಿ ಕೆತ್ತಿದ ಶಿಲ್ಪಿಯ ಹೆಸರೂ ಇದೆ, ನಟಕ ಅಂತ. ಕದಂಬರಿಗಿಂತ ಹಿಂದಿನ ಚುಟು ಅರಸರ ಕಾಲದ್ದು.

ಕೊನೇದು ಜನ. ವಯಸ್ಸಾದವರ ಹತ್ತಿರ ಹೋಗಿ ಇಸವಿ ಕೇಳಬೇಡಿ, ವಸ್ತು ಕೇಳಿ. "ಅಮ್ಮಮ್ಮ, ಜಪ್ತಿಗೆ ಬಂದಾಗ ಮನೆಯಿಂದ ಏನೇನು ಹೊತ್ಕೊಂಡು ಹೋದ್ರು?" ಅಂದ್ರೆ ಪಾತ್ರೆ, ಎಮ್ಮೆ, ಬಾಗಿಲ ಚಿಲಕ ಎಲ್ಲಾ ಹೊರಗೆ ಬರ್ತದೆ, ಅವರು ಕಂಡಿದ್ದಲ್ಲದಿದ್ರೂ ಅವರ ಅತ್ತೆ ಹೇಳಿದ್ದಾದ್ರೂ. ಅಂಕೋಲೆ, ಸಿದ್ದಾಪುರ ಕಡೆ 1930ರ ದಶಕದ ಕರನಿರಾಕರಣೆ ಹೋರಾಟದ ನೆನಪು ಮನೆ ಮನೆಯಲ್ಲಿದೆ. ಸಿದ್ದಾಪುರದ ಹೆಂಗಸರು ಜಪ್ತಿ ಆದ ಆಸ್ತಿ ಕೊಂಡವರ ಮನೆ ಮುಂದೆ ಹೋಗಿ ಉಪವಾಸ ಕೂತ್ರು, ಮಾವಿನಗುಂಡಿಯಲ್ಲಿ ಅವರ ಸ್ಮಾರಕ ಇದೆ, ಜೋಗ ನೋಡೋಕೆ ಹೋಗೋ ಎಷ್ಟೋ ಕಾರು ಅದನ್ನ ದಾಟಿ ಹೋಗ್ತದೆ. ಯಾರು ಕೊಂಡ್ರು ಅನ್ನೋ ಹೆಸರು ನಿಮಗೆ ಸಿಗಬಹುದು, ಬರೀಬೇಡಿ, ಮೊಮ್ಮಕ್ಕಳು ಅದೇ ಕೇರಿಯಲ್ಲಿದಾರೆ.

ಹಾಡಿನಲ್ಲೂ ಇತಿಹಾಸ ಇರ್ತದೆ. ಅಂಕೋಲಾ ಬಡಗೇರಿಯ ಸುಕ್ರಿ ಬೊಮ್ಮಗೌಡರು ಹಾಲಕ್ಕಿ ಒಕ್ಕಲಿಗರ ಹಾಡುಗಳ ಕಣಜ, 2017ರಲ್ಲಿ ಪದ್ಮಶ್ರೀ ಬಂತು, 2025ರಲ್ಲಿ ತೀರಿಕೊಂಡ್ರು. ಅವರಂಥವರು ಪ್ರತಿ ಕೊಪ್ಪದಲ್ಲೂ ಒಬ್ಬಿಬ್ಬರು ಇದಾರೆ, ಪ್ರಶಸ್ತಿ ಬಂದಿಲ್ಲ ಅಷ್ಟೇ. ಮೊಬೈಲಲ್ಲಿ ರೆಕಾರ್ಡ್ ಮಾಡೋ ಮೊದಲು ಕೇಳಿ, ಮಾಡಿದ ಮೇಲೆ ಅವರಿಗೇ ಒಂದ್ಸಲ ಕೇಳಿಸಿ, ಆಗ ಬಿಟ್ಟುಹೋದ ಸಾಲು ನೆನಪಾಗ್ತದೆ. ಫೈಲಿನ ಹೆಸರಲ್ಲಿ ಊರು, ತಿಂಗಳು, ಹಾಡಿದವರು ಮೂರೂ ಹಾಕಿಡಿ.

ಯಾವ ಪಟ್ಟಿಯಲ್ಲೂ ಇಲ್ಲದ ಕಲ್ಲು ಸಿಕ್ಕಿದ್ರೆ ಅಲ್ಲಿಂದ ಎತ್ತಬೇಡಿ, ದೇವಸ್ಥಾನದ ಅಂಗಳಕ್ಕೆ ತಂದು ಸಿಮೆಂಟ್ ಹಾಕಿ ನಿಲ್ಲಿಸೋದು ಇನ್ನೂ ಬೇಡ, ಅದು ನಿಂತ ಜಾಗವೂ ಸಾಕ್ಷಿಯೇ. ಪಕ್ಕದಲ್ಲಿ ಅಳತೆಗೆ ಒಂದು ಸ್ಕೇಲ್ ಇಟ್ಟು ಫೋಟೋ ತೆಗೆದು, ರಾಜ್ಯ ಪುರಾತತ್ವ ಇಲಾಖೆಗೆ ಬರೀರಿ, ಹತ್ತಿರದ ಕಾಲೇಜಿನ ಇತಿಹಾಸ ವಿಭಾಗಕ್ಕೂ ಒಂದು ಪ್ರತಿ. ನಾಣ್ಯ, ಒಡವೆ ಸಿಕ್ಕಿದ್ರಂತೂ ಕರ್ನಾಟಕದ 1962ರ ನಿಧಿ ಕಾಯಿದೆ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ಮತ್ತೆ ನಿಮ್ಮ ಬರಹ ಎಲ್ಲಿ ಹಾಕಿದ್ರೂ ಊರಿನ ಹೆಸರು ಸಾಕು, ಗೂಗಲ್ ಮ್ಯಾಪಿನ ಗುರುತು ಹಾಕಬೇಡಿ. ನಿಧಿ ಆಸೆಗೆ ರಾತ್ರಿ ಗುದ್ದಲಿ ಹಿಡ್ಕೊಂಡು ಬರೋರು ನಮ್ಮ ಕಡೆ ಈಗಲೂ ಇದಾರೆ, ಬಸದಿಯ ಪೀಠ, ವೀರಗಲ್ಲಿನ ಬುಡ ಅವರು ಅಗೆದು ಹಾಕಿದ್ದು ಘಟ್ಟದ ಮೇಲೆ ಎಷ್ಟು ಕಡೆ ಬೇಕಾದ್ರೂ ಕಾಣ್ತದೆ.